ಹನ್ನೆರಡು ಆಕಾಶ

ಹಾಸನದ ಸಾಲಗಾಮೆ ರಸ್ತೆ, ಬೇಕರಿಯ ಮೇಲ್ಮಹಡಿ,
ಮದುವೆ ಆಲ್ಬಂ ಮಾಡುವ ನಮ್ಮ ಕೋಣೆ.
ಬೆಳಗಿನ ಬನ್ನಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು
ನಮಗಿಂತ ಮೊದಲು.
ಅದಕ್ಕೂ ಮೊದಲು ಶಾಂತಮಲ್ಲಪ್ಪನವರು.

ಅವರದೊಂದು ಫೋಲ್ಡರು. ಅದರೊಳಗೆ ಹನ್ನೆರಡು ಆಕಾಶ.
ಒಂದನೆಯದು ಕಿತ್ತಳೆ. ನಾಲ್ಕನೆಯದರಲ್ಲಿ ಹಕ್ಕಿಸಾಲು.
ಒಂಬತ್ತರಲ್ಲಿ ಯಾವ ಸೀಮೆಯದೋ ಕಾಮನಬಿಲ್ಲು.
ಶೆಟ್ಟಿಹಳ್ಳಿಯ ಮುಳುಗಿದ ಇಗರ್ಜಿಯೆದುರು
ಅರಸೀಕೆರೆಯ ಜೋಡಿ ನಿಂತಿರಲಿ, ಆಲೂರಿನ ಜೋಡಿ ನಿಂತಿರಲಿ,
ಬೆನ್ನ ಹಿಂದಿನಿಂದ ಅದೇ ದನಿ:
"ಆಕಾಶ ತೆಗಿ. ನಾಲ್ಕು ಹಾಕು."

ಅವರು ನಿಲ್ಲುತ್ತಿದ್ದುದೇ ಕುರ್ಚಿಯ ಹಿಂದೆ.
ಕತ್ತಿಗೆ ಲವಂಗದ ಉಸಿರು.
ಭುಜದ ಮೇಲಿಂದ ಒಂದು ಬೆರಳು ಇಳಿದು
ಪರದೆ ಮುಟ್ಟಿ ಹೋಗುವುದು;
ಮದುಮಗಳ ಕೆನ್ನೆಯ ಮೇಲೆ ಎಣ್ಣೆಯ ಗುರುತು.
ಸಂಜೆ ಒರೆಸುವ ಮುನ್ನ ಜಬೀನಾ ಎಣಿಸುತ್ತಿದ್ದಳು,
ಇವತ್ತು ಹದಿನೇಳು, ಇವತ್ತು ಇಪ್ಪತ್ತೆರಡು.
ಆ ಕೋಣೆಯಲ್ಲಿ ನಾವು ಸ್ವಂತ ಬುದ್ಧಿಯಿಂದ ಮಾಡಿದ ಕೆಲಸ
ಅದೊಂದೇ.

ಸುಳ್ಳು ಹೇಳಬಾರದು.
ತಿಂಗಳಿಗೆ ಮೂವತ್ತು ಆಲ್ಬಂ ಹೊರಡುತ್ತಿದ್ದವು
ಮಂಡಿಯಿಂದ ಆಲೂಗಡ್ಡೆ ಲಾರಿ ಹೊರಟ ಹಾಗೆ,
ಆರಿಸಿ, ಜರಡಿ ಹಿಡಿದು, ಒಂದೇ ಗಾತ್ರ.
ಮುಖಪುಟದಲ್ಲಿ ಸೌಜನ್ಯ 'ಸೌಜನ್ಮ' ಆಗಿದ್ದನ್ನು
ರಾತ್ರಿ ಹನ್ನೊಂದಕ್ಕೆ ಹಿಡಿದದ್ದು ಅದೇ ಬೆರಳು.
ಅಕ್ಷರ ಜೋಡಿಸಿದವಳು ನಾನು.
ಆ ಬೆರಳಿಗೆ ಋಣಿ. ಹೆದರಿಕೊಂಡೇ ಋಣಿ.

ಆದರೆ ಯೋಗಾನಂದ, ನಮ್ಮೆಲ್ಲರಲ್ಲಿ ಕೈ ಚುರುಕಿದ್ದವನು,
ಒಂದು ಮಧ್ಯಾಹ್ನ ಮೌಸು ಹಿಡಿದು ಸುಮ್ಮನೆ ಕೂತಿದ್ದ.
"ಏನೋ?" ಅಂದೆ.
"ನಂಬರು ಹೇಳ್ಲಿ ಅಂತ ಕಾಯ್ತಿದ್ದೀನಿ."

ಮಂಡಿನೋವಿಗೆ ಮೆಟ್ಟಿಲು ಆಗಿಬರದೆ ಅವರು ಬಿಟ್ಟರು.
ಬಂದವರು ಲವೀನಾ ಮೇಡಂ.
ಪ್ಲಾಸ್ಟಿಕ್ ಸ್ಟೂಲು ಎಳೆದು ಪಕ್ಕದಲ್ಲಿ ಕೂತು
ಕೇಳಿದರು: "ಅವತ್ತು ಆಕಾಶ ಹೇಗಿತ್ತು?"

ಯಾರು ನೋಡಿದ್ದರು?
ಕತ್ತರಿಸಿ ಎಸೆಯುವುದನ್ನು ಯಾರು ನೋಡುತ್ತಾರೆ?
ಮೂಲ ಚಿತ್ರ ತೆರೆದೆವು. ಬೂದಿ ಬಣ್ಣ.
ಇಗರ್ಜಿಯ ಸೊಂಟದವರೆಗೆ ಹೇಮಾವತಿ. ಗಾಳಿ.
ಹುಡುಗಿಯ ಸೆರಗು ಹುಡುಗನ ವಾಚಿಗೆ ಸಿಕ್ಕಿ
ಇಬ್ಬರೂ ಸೊಟ್ಟಗೆ ನಗುತ್ತಿದ್ದರು.

ಅಲ್ಲಿಂದ ಎಲ್ಲ ಸುಸೂತ್ರ ಅನ್ನಬೇಡಿ.
ಹದಿನೈದು ದಿನ ಒಂದು ಪುಟ ಹೊರಬೀಳಲಿಲ್ಲ.
ಕಾಳೇಶ ಒಂದು ಅಕ್ಷರದ ವಿನ್ಯಾಸ ಹುಡುಕಲು ಏಳು ದಿನ ತಗೊಂಡ.
ಕಟ್ಟು ಬಿಚ್ಚಿದ ಕರುವಿನ ಹಾಗೆ
ಗೂಟದ ಸುತ್ತಲೇ ಸುತ್ತಿದೆವು.
ಹೊಳೆನರಸೀಪುರದ ಮದುವೆಯವರ ಸೋದರಮಾವ
ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದ.
ಮೇಡಂ ಹೊಸ್ತಿಲಿಗೆ ಅಡ್ಡ ನಿಂತರು, ಅಷ್ಟಗಲ.
"ತಡ ಆಗಿದ್ದು ನನ್ನಿಂದ. ನಾಡಿದ್ದು ಬನ್ನಿ."
ಒಳಗೆ ಬಂದು ಯಾರ ಮುಖವನ್ನೂ ನೋಡದೆ
ಟೀಗೆ ಹೇಳಿದರು.

ಆ ರಾತ್ರಿ ಯೋಗಾನಂದ ಎರಡು ಪುಟ ಪೂರ್ತಿ
ಅಡುಗೆಮನೆಯ ಅಕ್ಕಿಮೂಟೆಯ ಮೇಲೆ
ಹೊಸ ಶರ್ಟಿನಲ್ಲಿ ನಿದ್ದೆಹೋದ
ಮದುಮಗಳ ತಮ್ಮನಿಗೆ ಕೊಟ್ಟ.
ಯಾರೂ ನಂಬರು ಹೇಳಿರಲಿಲ್ಲ.
ಸೋದರಮಾವ ಆ ಪುಟ ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ,
ಬಾಕಿ ಎಣಿಸಿಟ್ಟು ಇಳಿದುಹೋದ.

ಈಗ ಮೇಡಂ ಮಂಗಳೂರಿನಲ್ಲಿ. ಉಸ್ತುವಾರಿ ನನ್ನದು.
ಮಾಘದ ಲಗ್ನಗಳು, ನಲವತ್ತು ಆರ್ಡರು, ರಾತ್ರಿ ಹತ್ತೂವರೆ.
ಹೊಸ ಹುಡುಗ ನಂಜೇಶ ಒಂದೇ ಚಿತ್ರ ಹಿಡಿದು
ಮುಕ್ಕಾಲು ಗಂಟೆಯಾಯಿತು.
ಯಾವಾಗ ಎದ್ದೆನೋ ನನಗೇ ತಿಳಿಯದು.
ಕರೆಂಟು ಹೋಗಿ ಪರದೆ ಕಪ್ಪಾದಾಗ
ಮೊಬೈಲಿನ ಬೆಳಕಲ್ಲಿ ಅವನ ಮುಖದ ಹಿಂದೆ ನನ್ನ ಮುಖ,
ಬಾಯಲ್ಲಿ ಏಲಕ್ಕಿ,
ಅರ್ಧ ಎತ್ತಿದ ಬೆರಳು.

ಕರೆಂಟು ಬಂತು.
ಅವನು ತಿರುಗದೆಯೇ ಕೇಳಿದ:
"ಎಷ್ಟನೇದು ಹಾಕ್ಲಿ, ಅಕ್ಕಾ?"

ಸ್ಟೂಲಿನ ಮೇಲೆ ಯಾರೋ ಆಲ್ಬಂ ಪೇರಿಸಿದ್ದಾರೆ.
ಒಂದೊಂದಾಗಿ ನೆಲಕ್ಕಿಡುತ್ತಿದ್ದೇನೆ.
ಅವನು ಕಾಯುತ್ತಿದ್ದಾನೆ.