ಎಂಟಾಣೆಯಷ್ಟು ಜಾಗ

ಮೊದಲು ತೊಗರಿ ಕಾಳಿನಷ್ಟಿತ್ತು,
ಎಡ ಮುಂಗೈ ಮ್ಯಾಲ, ಬಳಿ ಸರಿದಾಡೋ ಕಡಿ.
ಗಂಜಿನ ದಾಲ್ ಮಿಲ್ಲಿನೊಳಗ
ದಿನಕ್ಕ ಎಂಟು ತಾಸು ಮೊರ ಹಿಡಿಯೋ ಕೈ,
ಹೊಟ್ಟು ಹತ್ತಿರಬೇಕು ಅಂದುಕೊಂಡೆ.
ತೊಳೆದೆ. ಹೋಗಲಿಲ್ಲ.
ನಾಕಾಣೆಯಷ್ಟಾಯಿತು, ಎಂಟಾಣೆಯಷ್ಟಾಯಿತು.
ಬಣ್ಣ ಹಸಿ ಹಿಟ್ಟಿನದಲ್ಲ, ಸುಟ್ಟ ರೊಟ್ಟಿಯದೂ ಅಲ್ಲ,
ಅವಸರದಾಗ ಹಂಚಿನಿಂದ ಇಳಿಸಿದ್ದು.

ಗಜಕರ್ಣ ಅಂದಳು ನೆಗೆಣ್ಣಿ ಜಗದೇವಿ,
ಬಳ್ಳೊಳ್ಳಿ ಜಜ್ಜಿ ತಿಕ್ಕು, ತಾನೇ ಬಿಡತದ.
ತಿಕ್ಕಿದೆ. ಮನಿ ತುಂಬ ವಾಸನಿ,
ಗಂಡ ಆ ಕಡಿ ಹೊರಳಿ ಮಲಗಿದ.
ಉರಿ ಮಾತ್ರ ಆಗಲಿಲ್ಲ.
ಉರಿ ಆಗಲಿಲ್ಲಂತ ಖುಷಿಪಟ್ಟೆ ನಾನು, ಹುಚ್ಚಿ.

ತೊನ್ನು ಶುರುವಾಗೂದು ಹಿಂಗೇ ಅಂದಳು ಅತ್ತಿ.
ಬಾವಂಚಿ ಬೀಜ ಗೋಮೂತ್ರದಾಗ ನೆನಸಿ ಅರೆದು ಹಚ್ಚಿ
ಏಳು ಮುಂಜಾನಿ ಮಾಳಗಿ ಮ್ಯಾಲ ಕೂಡಿಸಿದಳು.
ಕಲಬುರಗಿ ಬಿಸಿಲು, ಕೇಳಬೇಕೇನು?
ಸುತ್ತಲ ಚರ್ಮ ಸುಲಿದು ಬಂತು.
ಆ ಜಾಗ ಸುಮ್ಮನಿತ್ತು,
ಯಾರದೋ ಮೈಯಿಂದ ತಂದು ಹೊಲಿದ ತ್ಯಾಪಿಯಂಗ.

ಆಮ್ಯಾಲ ಬಸ್ಸು ಹತ್ತಿ ಬೀದರಿಗೆ ಹೋದೆ.
ಹಕೀಮರು ಕನ್ನಡಕ ಏರಿಸಿ, ರಕ್ತ ಕೆಟ್ಟದ ಅಂದರು,
ಬದನಿಕಾಯಿ ಬಿಡು ಅಂದರು, ಕಪ್ಪು ಮುಲಾಮು ಕೊಟ್ಟರು.
ಡಬ್ಬಿಗೆ ನೂರಾ ಎಂಬತ್ತು, ಬಸ್ ಚಾರ್ಜು ಬ್ಯಾರೆ.
ಬದನಿಕಾಯಿ ಬಿಟ್ಟೆ. ಅದೊಂದು ದುಃಖ.
ಮೆಡಿಕಲ್ ಹುಡುಗ ಮೊಬೈಲ್‌ನಿಂದ ತಲಿ ಎತ್ತದೇ
ಒಂದು ಟ್ಯೂಬು ಸರಿಸಿದ.

ಎಲ್ಲರೂ ನೋಡಿದರು.
ಒಬ್ಬರೂ ಮುಟ್ಟಲಿಲ್ಲ.

ಪಂಚಮಿ ಮುಂದ ರಶೀದಾಬಿ ಬಂದಳು,
ತಲಿ ಮ್ಯಾಲ ಬಳಿಪೆಟ್ಟಿಗಿ, ಬಾಯಾಗ ಎಲಿ.
ಮೂವತ್ತು ವರ್ಷ ಈ ಓಣಿಯ ಕೈ ಹಿಚುಕಿದಾಕಿ;
ಯಾರ ಎಲುಬು ದಪ್ಪ, ಯಾರು ಹೊಟ್ಟಿಲೆ ಇದ್ದಾರ,
ಬೆರಳಿಲೇ ಹೇಳತಾಳ.
ಢೀಲಾ ಬಿಡವಾ ಕೈ, ಅಂದಳು.
ಹಸಿರು ಬಳಿ ಗೆಣ್ಣು ದಾಟಿ ಚಟ್ಟನೆ ಮುರೀತು,
ಗಾಜಿನ ಚೂರು ಆ ಜಾಗದ ಮ್ಯಾಲೇ ಗೀರಿತು.
ರಕ್ತ ಬಂತು.
ನಾ ಮಾತ್ರ ಜಗದೇವಿ ಕೂಡ ಚೌಕಾಶಿ ಮಾಡತಿದ್ದೆ.

ರಶೀದಾಬಿ ಎಲಿ ಅಗಿಯೂದು ನಿಂತಿತು.
ನೋವಾಗಲಿಲ್ಲೇನು?
ಮತ್ತೊಮ್ಮೆ ಒತ್ತಿದಳು, ಉಗುರಿಲೆ.
ನನ್ನ ಮಾರಿ ನೋಡಿದಳು.
ಬಾಗಿಲಾಗ ಹೆಂಗಸರ ಸಾಲು ಇತ್ತು, ಅದಕ್ಕ
ಕೈ ಸೆರಗಿನಾಗ ಮುಚ್ಚಿ, ಕಿವಿಯಾಗ ಹೇಳಿದಳು:
ಎಣ್ಣಿ ಹಚ್ಚೋ ಬ್ಯಾನಿ ಅಲ್ಲ ಇದು, ಆಶಾ ಬಾಯಿಗೆ ತೋರಸು.

ವಿಮಲಾಬಾಯಿ ಬಾಲ್‌ಪೆನ್ ತಗದಳು.
ಕಣ್ಣು ಮುಚ್ಚು, ಮುಟ್ಟಿದಲ್ಲಿ ಬೆರಳಿಡು.
ಮದಲ ಸಲ ಸರಿ. ಎರಡನೇದೂ ಸರಿ.
ಆಮ್ಯಾಲ ಬಾಳ ಹೊತ್ತು ಏನೂ ಇಲ್ಲ.
ಹೆದರಿ ನಾನೇ ತೋರಿಸಿದೆ: ಇಲ್ಲಿ, ಇಲ್ಲೇ, ಗೊತ್ತಾತು.
ಅಕ್ಕ, ಅಂದಳು, ಪೆನ್ನು ನನ್ನ ಕಿಸೆದಾಗ ಅದ.

ದವಾಖಾನಿ ಮಿಲ್ಲಿನಿಂದ ಹತ್ತು ನಿಮಿಷದ ದಾರಿ.
ಹಚ್ಚಲಿಕ್ಕೆ ಏನು ಕೊಡತೀರಿ ಅಂತ ಕೇಳಿದೆ.
ಹಚ್ಚೂದೇನಿಲ್ಲ, ನುಂಗೂದು, ಅಂದಳು ನರ್ಸಮ್ಮ.
ರೊಕ್ಕ?
ಇಲ್ಲ.
ಬ್ಯಾನಿ ಹೆಸರು ಹೇಳಿದಳು, ನೆಗಡಿ ಹೆಸರು ಹೇಳಿದಂಗ.
ನಮ್ಮ ಮನ್ಯಾಗ ಆ ಹೆಸರು ಬೈಗುಳಕ್ಕ ಮಾತ್ರ ಇತ್ತು.
ಮೂತ್ರ ಕೆಂಪಾದರ ಹೆದರಬ್ಯಾಡ,
ಕೂಡಿ ಉಣ್ಣು, ಕೂಡಿ ಮಲಗು, ಮಿಲ್ಲಿಗೆ ಹೋಗು.
ಮೊದಲ ಗುಳಿಗಿ ಆಕಿ ಮುಂದೇ ನುಂಗಿದೆ.

ಎಳ್ಳಮಾಸಿ ದಾಟಿ ಆರನೇ ಪಾಕೀಟು ಮುಗೀತು.
ಭಜ್ಜಿಯೊಳಗ ಬದನಿಕಾಯಿ ಎರಡು ಸಲ ಹಾಕಿಸಿಕೊಂಡೆ.
ಕಲಿ ಇನ್ನೂ ಅದ, ಅಂಚು ಮಾಸ್ಯಾದ.
ಮೊರದ ಬದಿಯಿಂದ ಇರುವಿ ಏರತದ ಕೈ ಮ್ಯಾಲ,
ನಡೀತದ, ನಡೀತದ,
ಗಡಿ ಮುಟ್ಟಿದ್ದೇ ಮಾಯ.
ನಾ ಉಸಿರು ಹಿಡಿದು ಎಣಸತೀನಿ.
ಆಚಿ ದಂಡ್ಯಾಗ ಮತ್ತ ಹುಟ್ಟತದ.
ಒಮ್ಮೊಮ್ಮೆ, ನಡುವ, ಕೂದಲೆಳಿಯಷ್ಟು,
ಏನೋ ಕಚಗುಳಿ.
ಖರೇನೋ ಆಸೆನೋ, ಯಾರಿಗೂ ಹೇಳಿಲ್ಲ ಇನ್ನೂ.

ರಶೀದಾಬಿ ಮೊನ್ನೆ ಬಂದು ಅದೇ ಕೈ ಹಿಡಿದಳು,
ಎರಡು ಡಜನ್ ಏರಿಸಿದಳು.
ಹ್ವಾದ ಸಲ ಮುರಿದದ್ದರ ರೊಕ್ಕಾನೂ
ಮರೀದೇ ಇಸಕೊಂಡಳು.