ಖೋಲಿ ನಂಬರ್ ಹದಿನೇಳು, ಸೊಲ್ಲಾಪುರ

ಹತ್ತು ಫೂಟು ಉದ್ದ, ಒಂಬತ್ತು ಅಗಲ.
ಟೇಪು ಹಿಡಿದು ನಾ ಹೇಳಿದೆ, ಇರ್ಫಾನ ಬರೆದುಕೊಂಡ.
"ತಪ್ಪು," ಅಂದಳು ಕಸ್ತೂರಬಾಯಿ ಬಿರಾಜದಾರ,
"ಮೂರು ಪಾಳಿ ಅದ ಇದು.
ಭೋಂಗಾ ಆತಂದ್ರ ಒಬ್ಬಾವ ಏಳತಿದ್ದ,
ಅದೇ ಬೆಚ್ಚನ ಕೌದ್ಯಾಗ ಇನ್ನೊಬ್ಬಾವ."

ನಕ್ಷೆಯನ್ನು ಚಾಳಿನ ಅಂಗಳದಲ್ಲಿ ಹಾಸಿದೆವು,
ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ಚಪ್ಪಲಿ.
ಮಂದಿ ಬಗ್ಗಿ ತಮ್ಮ ತಮ್ಮ ಬಾಗಿಲು ಹುಡುಕಿದರು.
ನಳ ಎಲ್ಲಿತ್ತೆಂದು ಮರಾಠಿಯಲ್ಲಿ ಜಗಳ,
ತೆಲುಗಿನಲ್ಲಿ ತೀರ್ಪು.

ಆಕೆ ಮಾತ್ರ ನಡುಗೋಡೆಯ ಗೆರೆಯನ್ನೇ ನೋಡುತ್ತ:
"ಇಲ್ಲೊಂದು ಕಂಡಿ ಇತ್ತು. ಕಮಟಂ ನರ್ಸವ್ವ
ಆಚಿಂದ ಕೆಂಡ ಕೊಡತಿದ್ಲು, ನಾ ಮಜ್ಜಗಿ."

ಕಂಡಿಗೆ ನಮ್ಮಲ್ಲಿ ಗುರುತಿರಲಿಲ್ಲ.
ಪೆನ್ಸಿಲು ಕೊಟ್ಟೆ. ಬೇಡವೆಂದಳು.
ಹೆಬ್ಬೆಟ್ಟಿಗೆ ಉಗುಳು ಹಚ್ಚಿ
ಗೆರೆ ಉಜ್ಜಿದಳು,
ಕಾಗದ ತೂತಾಗುವ ತನಕ.