ಆಗಸ್ಟಿನ ಪುಟ

ಇಪ್ಪತ್ತೆರಡು ವರ್ಷದಿಂದ ತೋಟದ ರೈಟರು ನಾನು.
ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರು
ಗಾಜಿನ ಕೊಳವೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು
ಬರೆಯುತ್ತೇನೆ: ಇಂಚು, ಸೆಂಟು.
ಮಾರ್ಚಿನ ಹೂಮಳೆ ಒಂದು ಇಂಚು ಹತ್ತು ಅಂದರೆ
ಸಾಹುಕಾರರ ನಗು ಫೋನಿನಾಚೆಗೂ ಕಾಣುತ್ತದೆ.
ಆಗಸ್ಟಿನ ಪುಟ ಯಾರಿಗೂ ಬೇಡ.

ಆ ಆಗಸ್ಟಿನದ್ದೂ ಬರೆದಿದ್ದೇನೆ.
ಒಂಬತ್ತು ಇಂಚು. ಮರುದಿನ ಹನ್ನೊಂದು ನಲವತ್ತು.
ಅಕ್ಷರ ಎಷ್ಟು ದುಂಡಗಿದೆಯೆಂದರೆ ನಾಚಿಕೆಯಾಗುತ್ತದೆ.
ಅದರ ಮರುದಿನ ಖಾಲಿ:
ಮಾಪಕ ನೆಟ್ಟ ದಿಬ್ಬವೇ ಹೊಳೆಯಲ್ಲಿತ್ತು.

ಈ ಸಲ ಮಾದಾಪುರದ ಶಾಲೆಯಲ್ಲಿ ಮೂರು ದಿನದ ಶಿಬಿರ.
ಬ್ಯಾನರಿನಲ್ಲಿ ‘ನೆರೆ ದೇಶಗಳ ಸಹಕಾರ’.
ಲೈನ್‌ಮನೆಯ ಚೋಮಿ ಕೂಡಿಸಿ ಕೂಡಿಸಿ ಓದಿ
‘ನೆರೆಗೂ ಒಂದು ದೇಶ ಉಂಟಾ?’ ಅಂದಳು.
ದುಭಾಷಿ ಹುಡುಗ ಅದನ್ನು ದಾಟಿಸಲು ಹೋಗಿ ಸೋತ.

ಸಿಂಧುಪಾಲ್ಚೋಕದ ಡಂಬರ ತಾಮಾಂಗ್ ಹೇಳಿದ:
ನಮ್ಮ ಹೊಳೆ ಹುಟ್ಟುವುದು ಗಡಿಯಾಚೆ.
ಅಲ್ಲಿಯ ಕಂಬಳಿ ವ್ಯಾಪಾರಿಯ ನಂಬರು ನನ್ನ ಹತ್ತಿರ ಇದೆ.
ಅವನ ಮಾತು ನನಗೆ ಬಾರದು, ನನ್ನದು ಅವನಿಗೆ.
ಎರಡು ರಿಂಗು ಕೊಟ್ಟು ಕಟ್ ಮಾಡಿದನೋ,
ನೀರು ಹೊರಟಿತು ಅಂತ.
ಬೇರೆ ಯಾವತ್ತೂ ಮಾಡುವುದಿಲ್ಲ. ಹಬ್ಬಕ್ಕೂ.

ಶ್ರೀಲಂಕಾದ ಕೇಗಾಲೆಯ ಸುನೇತ್ರಾ ಚೀಲದಿಂದ ತೆಗೆದದ್ದು
ಬರೀ ಒಂದು ಪ್ಲಾಸ್ಟಿಕ್ ಡಬ್ಬಿ. ಮೈಮೇಲೆ ಮೂರು ಗೆರೆ.
ಕೆಂಪು ಗೆರೆ ನೂರೈವತ್ತು ಮಿಲಿಮೀಟರು:
ಮುಟ್ಟಿದರೆ ಮನೆ ಬಿಟ್ಟು ಏಳಬೇಕು.
ಪುಸ್ತಕದ ಹಿಂದಿನ ರಟ್ಟಿನಲ್ಲಿ ಲೆಕ್ಕ ಹಾಕಿದೆ,
ಐದು ಇಂಚು ತೊಂಬತ್ತು ಸೆಂಟು.
ಒಂಬತ್ತು ಬರೆದ ಆ ಬೆಳಿಗ್ಗೆ ನಾನು
ಪೆನ್ನಿನ ಮುಚ್ಚಳ ಹಾಕಿ
ಬೆಲ್ಲದ ಕಾಫಿ ಕುಡಿದಿದ್ದೆ.

ಅವಳು ಪುಟ ತಿರುವಿದಳು. ಬೈಯಲಿಲ್ಲ.
‘ಎಲ್ಲರಿಗಿಂತ ಕೆಳಗೆ ಮಲಗುವವರು ಯಾರು?’
ಹಿಂದಿನ ಬೆಂಚಿನಲ್ಲಿ ಚೋಮಿ ಕೈ ಎತ್ತಿದಳು,
ಹಾಜರಿ ಕರೆದಾಗ ಎತ್ತುವ ಹಾಗೆ.

ಜುಲೈ. ರಾತ್ರಿ ಎರಡೂಕಾಲು.
ಟಾರ್ಚು ಬಿಟ್ಟರೆ ನೀರು ಕೆಂಪು ಗೆರೆ ದಾಟಿ ನಿಂತಿದೆ.
ಸಾಹುಕಾರರಿಗೆ ಆಮೇಲೆ ಹೇಳಿದರಾಯಿತು.
ಹಾಜರಿಯ ರೈಲುಕಂಬಿ ಬಡಿದೆ,
ಕೈ ಜೋಮು ಹಿಡಿಯುವ ತನಕ.
ಲೈನ್‌ಮನೆಯ ಬಾಗಿಲುಗಳು ಬೈಯುತ್ತ ತೆರೆದವು.
ಮಕ್ಕಳು, ಕೋಳಿ, ಗೋಣಿಯಲ್ಲಿ ಸುತ್ತಿದ ಟಿವಿ,
ಎಲ್ಲ ಶಾಲೆಯ ಜಗಲಿಗೆ.

ಬೆಳಗಾಯಿತು. ಗುಡ್ಡ ಇದ್ದಲ್ಲೇ ಇತ್ತು,
ತನಗೇನೂ ಗೊತ್ತಿಲ್ಲ ಎಂಬಂತೆ.
‘ಬೀಳಲೇ ಇಲ್ಲವಲ್ಲ ರೈಟರೇ,
ನಾಳೆಯೂ ಬಡೀತೀರಾ?’
ಬಡೀತೇನೆ ಅಂದೆ.

ಫೋನು ಗುಂಯ್ ಎಂದಿತು. ಕೇಗಾಲೆಯಿಂದ:
ಇಲ್ಲಿ ೧೧೨. ಅಲ್ಲಿ?
ಒದ್ದೆ ಹೆಬ್ಬೆರಳಿನಲ್ಲಿ ಒತ್ತಿದೆ: ೧೬೧.

ಪುಸ್ತಕದಲ್ಲಿ ಮಾತ್ರ ಹಳೆ ಅಭ್ಯಾಸ,
ಆರು ಇಂಚು ಮೂವತ್ತನಾಲ್ಕು.
ಪಕ್ಕದ ‘ಷರಾ’ ಕಾಲಮು ಇಷ್ಟು ವರ್ಷ ಖಾಲಿ ಬಿಟ್ಟಿದ್ದು,
ಅಲ್ಲಿ ಬರೆದೆ:
ಎಬ್ಬಿಸಿದೆ. ನಲವತ್ತೊಂದು ಜನ.
ಕೋಳಿ ಎಣಿಸಿಲ್ಲ.